ಮೊದಲು ಮಗಳನ್ನ ಕೇಳ್ರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಪಿಯುಸಿ ಓದುತ್ತಿರುವ ಮಕ್ಕಳ ತಂದೆ-ತಾಯಿಗಳಿಗೆ,

ನಾನು ನಿಮ್ಮ ಮಕ್ಕಳಿಗೆ ಗಣಿತ ಕಲಿಸಿದವನು. ಈ ತಾಲೂಕುಗಳ ಪಿಯು ಕಾಲೇಜುಗಳಲ್ಲೇ 31 ವರ್ಷ ಕಳೆದು ನಿವೃತ್ತನಾದೆ. ಅಷ್ಟೂ ವರ್ಷ ನನ್ನ ತಲೆಯಲ್ಲಿದ್ದದ್ದು ಒಂದೇ: ಮಕ್ಕಳಿಗೆ ಚೆನ್ನಾಗಿ ಅಂಕ ಬಂದುಬಿಟ್ಟರೆ ಮುಂದಿನದು ತಾನೇ ಆಗುತ್ತದೆ. ಹಾಗೆ ಆಗುವುದಿಲ್ಲ ಎನ್ನುವುದನ್ನು ನಾನು ಕಂಡದ್ದು ನಿವೃತ್ತಿಯ ನಂತರ, ಬಸ್ ನಿಲ್ದಾಣದ ಎದುರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಆವತ್ತು ಕಂಡದ್ದನ್ನು ನಿಮ್ಮ ಮುಂದೆ ಇಡದೆ ನನಗೆ ಸಮಾಧಾನವಿಲ್ಲ.

ಎರಡು ವರ್ಷದ ಹಿಂದಿನ ಮಾತು. ಮಳೆ ಹಿಡಿದಿತ್ತು. ಪಿಂಚಣಿ ಕಾಗದ ಝೆರಾಕ್ಸ್ ಮಾಡಿಸಲು ಹೋಗಿದ್ದೆ. ನನ್ನ ಮುಂದೆ ಒಬ್ಬ ರೈತ, ಅವನ ಹಿಂದೆ ಅವನ ಮಗಳು. ಅವನು ಅರಿವೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಡುತ್ತಿದ್ದ. ಹತ್ತನೇತ್ತೆಯ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಜಾತಿ-ಆದಾಯದ ಪ್ರಮಾಣಪತ್ರ, ಆಧಾರ್, ಹೊಲದ ಉತಾರಿ. ಎಲ್ಲವೂ ನಾಲ್ಕು ಮಡಿಕೆ. ಉತಾರಿಯ ಮಡಿಕೆ ಹರಿಯಲು ಬಂದಿತ್ತು.

"ರ್‍ಯಾಂಕ್ ಎಷ್ಟು?" ಎಂದ ಅಂಗಡಿಯ ಹುಡುಗ. ಮಗಳು ಹೇಳಿದಳು. ಅವನು ತಲೆ ಎತ್ತಲಿಲ್ಲ. ತನಗೆ ಗೊತ್ತಿದ್ದ ಹತ್ತು ಹನ್ನೆರಡು ಎಂಜಿನಿಯರಿಂಗ್ ಕಾಲೇಜುಗಳನ್ನು ಕೈಗೆ ಬಂದ ಸಾಲಿನಲ್ಲಿ ಒತ್ತುತ್ತ ಹೋದ. ನಾನು ಗಡಿಯಾರ ನೋಡಿದ್ದೇನೆ, ಆರು ನಿಮಿಷ. ಎರಡು ವರ್ಷದ ಓದಿಗೆ ಆರು ನಿಮಿಷ ಸಿಕ್ಕಿತು. ಆ ಆರು ನಿಮಿಷದಲ್ಲಿ ಅವಳನ್ನು ಯಾರೂ ಏನೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ನಾನೇ ಕೇಳಿದೆ, "ನಿನಗೇನು ಓದೂದು ಮನಸೈತಿ ತಂಗಿ?"

"ಬಿಎಸ್ಸಿ ಅಗ್ರಿರೀ ಸರ."

ಅಪ್ಪ ಅವಳ ಮುಖ ನೋಡಿದ. ಅವನಿಗೂ ಅದು ಹೊಸ ಸುದ್ದಿ. "ಮತ್ತ ಹೇಳಬಾರದೇನ?" ಎಂದ. ಸಿಟ್ಟಿನಿಂದಲ್ಲ, ಪಾಪ, ಗಾಬರಿಯಿಂದ.

ಅವಳು ಅರ್ಜಿ ತುಂಬುವಾಗ ರೈತರ ಮಕ್ಕಳ ಕೋಟಾ ಕೇಳಿರಲಿಲ್ಲ. ಅಂಥದೊಂದು ಇದೆ ಎಂದು ಯಾರೂ ಹೇಳಿರಲಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಸೀಟುಗಳಲ್ಲಿ ದೊಡ್ಡ ಪಾಲು ರೈತರ ಮಕ್ಕಳಿಗೇ ಮೀಸಲು. ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಒಕ್ಕಲುತನದ ಸಾಮಾನು ಮುಂದಿಟ್ಟು ಇದೇನು, ಅದೇನು ಎಂದು ಕೇಳುತ್ತಾರೆ. ನಾಲ್ಕೆಕರೆ ತೊಗರಿ ಹೊಲದಲ್ಲಿ ಕಳೆ ಕಿತ್ತು ಬೆಳೆದವಳು. ಕುಸುಬಿ, ಅಗಸಿ, ಗುರೆಳ್ಳು, ಸಜ್ಜೆ ಕಣ್ಣು ಮುಚ್ಚಿಸಿ ಕೈಗೆ ಕೊಟ್ಟರೂ ಹೆಸರು ಹೇಳುತ್ತಿದ್ದಳು. ಆ ಪರೀಕ್ಷೆಯ ಬಾಗಿಲಿಗೇ ಅವಳು ಹೋಗಲಿಲ್ಲ. ಹೊಲದ ಉತಾರಿ ಚೀಲದಲ್ಲೇ ಇತ್ತು.

ಸಿಕ್ಕಿದ್ದು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್. ಊರು ಕಂಡಿಲ್ಲ, ವಸತಿಗೆ ಯಾರೂ ಇಲ್ಲ, ಓದಬೇಕೆಂಬ ಮನಸ್ಸೂ ಇಲ್ಲ. ಹೋಗಲಿಲ್ಲ.

ಇದು ಒಬ್ಬಳ ಕತೆಯಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಆಮೇಲೆ ಎರಡು ಬೇಸಿಗೆ ನಾನು ಬೇಕೆಂದೇ ಇಂಥ ಅಂಗಡಿಗಳ ಬಾಗಿಲಲ್ಲಿ ಕುಳಿತು ನೋಡಿದೆ. ನಮ್ಮ ಮಕ್ಕಳು ಸೋಲುವುದು ಪರೀಕ್ಷೆಯಲ್ಲಿ ಕಡಿಮೆ, ಕಾಗದದಲ್ಲಿ ಹೆಚ್ಚು. ಆ ಕಾಗದಕ್ಕೆ ಓಡಾಡುವವರು ನೀವು. ಅದಕ್ಕೇ ಮಕ್ಕಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲೇ ತುಂಬುವುದು. ಪರೀಕ್ಷೆ ಏಪ್ರಿಲ್‌ನಲ್ಲಿ. ನಮ್ಮಲ್ಲಿ ಜನವರಿ ಎಂದರೆ ತೊಗರಿ ರಾಶಿ, ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ. ಕಣದಲ್ಲಿ ಕೈ ತುಂಬ ಕೆಲಸ ಇರುವಾಗಲೇ ಮಕ್ಕಳ ಭವಿಷ್ಯದ ಪ್ರಶ್ನೆಪತ್ರಿಕೆ ಬಂದು ಬಿದ್ದಿರುತ್ತದೆ. ಅದರಲ್ಲಿ ಎರಡು ಪ್ರಶ್ನೆಗಳನ್ನು ದಯವಿಟ್ಟು ನೀವೇ ಕಣ್ಣಿಟ್ಟು ನೋಡಿರಿ. ಒಂದು, ಒಂದರಿಂದ ಹತ್ತನೇತ್ತೆವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದಾರೆಯೇ? ಹೌದಾದರೆ 15% ಸೀಟು ಅಂಥವರಿಗೆ ಬೇರೆ ಇದೆ. ಇನ್ನೊಂದು, ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಾರೆಯೇ? ಹೌದಾದರೆ ಇನ್ನೂ 5%. ನಮ್ಮ ಹಳ್ಳಿಯ ಸರಕಾರಿ ಸಾಲಿಯಲ್ಲಿ ಓದಿದ ಮಗುವಿಗೆ ಎರಡೂ ಸಲ್ಲುತ್ತವೆ. ಹಳ್ಳಿ ಸಾಲಿಯಲ್ಲಿ, ಕನ್ನಡದಲ್ಲಿ ಓದಿಸಿದೆವು ಎಂದು ನೀವು ತಲೆತಗ್ಗಿಸಿ ಹೇಳುತ್ತೀರಲ್ಲ, ಅದೇ ಅವರ ಬಲ.

ಆದರೆ ಅದನ್ನು ಅರ್ಜಿಯಲ್ಲಿ ಕೇಳಬೇಕು. ಕೇಳಲು ಸಾಲಿಯ ಮುಖ್ಯ ಗುರುಗಳು ಬರೆದುಕೊಡಬೇಕು, ಅದಕ್ಕೆ ಬಿಇಓ ಕಚೇರಿಯ ಸಹಿ ಬೀಳಬೇಕು. ಏಳನೇತ್ತೆವರೆಗೆ ಒಂದು ಊರು, ಎಂಟರಿಂದ ಇನ್ನೊಂದು ಊರು ಎಂದರೆ ಎರಡೂ ಕಡೆಯ ಕಾಗದ. ಆ ಹುಡುಗಿಯ ಅಪ್ಪ ಒಮ್ಮೆ ಹೋಗಿದ್ದನಂತೆ. ಮಾಸ್ತರು ರಜೆಯಲ್ಲಿದ್ದರು. ಎರಡನೇ ಸಲ ಹೋಗಲಿಲ್ಲ, ರಾಶಿ ನಡೆದಿತ್ತು. ಅಂಗಡಿಯ ಹುಡುಗ ಎರಡೂ ಪ್ರಶ್ನೆಗೆ 'ಇಲ್ಲ' ಒತ್ತಿದ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಯಾವ ಕಾಲೇಜಿಗೆ ಎಷ್ಟನೇ ರ್‍ಯಾಂಕಿನವರೆಗೆ ಸೀಟು ಸಿಕ್ಕಿತು ಎಂದು ಪಟ್ಟಿ ಹಾಕುತ್ತದೆ. ಅದರಲ್ಲಿ 3ಬಿಜಿ, 3ಬಿಆರ್, 3ಬಿಕೆ ಎಂದು ಒಂದೇ ವರ್ಗಕ್ಕೆ ಮೂರು ಮೂರು ಕಾಲಂ. ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ. ಅವಳ ಪಾಲಿಗೆ ಆ ಎರಡೂ ಕಾಲಂ ಮುಚ್ಚಿದ್ದವು. ಎರಡನೇ ಸಲ ಸಾಲಿಗೆ ಹೋಗಿದ್ದರೆ ತೆರೆದಿರುತ್ತಿದ್ದವು.

ಸಣ್ಣ ಮಕ್ಕಳಿರುವವರು ಇಲ್ಲಿ ಇನ್ನೊಂದು ಮಾತು ಕೇಳಿರಿ. ಸೈನಿಕ ಶಾಲೆ, ನವೋದಯ, ಮೊರಾರ್ಜಿ ಎಂದು ನಾಲ್ಕನೇತ್ತೆ, ಐದನೇತ್ತೆಗೇ ಮಗುವನ್ನು ವಿಜಯಪುರದ ಕೋಚಿಂಗಿಗೆ ಹಾಕುತ್ತೀರಿ. ಅಲ್ಲೇ ನಗರದ ಸಾಲಿಯಲ್ಲಿ ಹೆಸರು ಹಚ್ಚುತ್ತೀರಿ. ಆಯ್ಕೆಯಾದರೆ ಸಂತೋಷ. ಆಗದೆ ಊರಿಗೆ ಮರಳಿದರೆ ಆ ಒಂದು ವರ್ಷ ಅವನ ಗ್ರಾಮೀಣ ಹಕ್ಕನ್ನು ನುಂಗಿರುತ್ತದೆ. ಹತ್ತು ವರ್ಷದಲ್ಲಿ ಒಂದು ವರ್ಷ ಕಡಿಮೆಯಾದರೂ ಲೆಕ್ಕಕ್ಕೆ ಇಲ್ಲ. ಹಳ್ಳಿ ಬಿಟ್ಟು ಇಂಡಿ, ಸಿಂದಗಿಯ ಹೈಸ್ಕೂಲಿಗೆ ಸೇರಿಸಿದರೂ ಅಷ್ಟೇ, ಅದು ಪಟ್ಟಣ. ಸೇರಿಸಬೇಡಿರಿ ಎನ್ನುವುದಿಲ್ಲ. ಒಳ್ಳೆಯ ಮಾಸ್ತರು ಇರುವ ಕಡೆ ಮಗು ಓದಲಿ. ಏನು ಕೊಟ್ಟು ಏನು ತರುತ್ತಿದ್ದೇವೆ ಎನ್ನುವುದು ಸೇರಿಸುವ ದಿನವೇ ಗೊತ್ತಿರಲಿ, ಎಂಟು ವರ್ಷದ ನಂತರ ಬೇಡ.

ಇನ್ನು ಆ ಆರು ನಿಮಿಷದ ಮಾತು. ರ್‍ಯಾಂಕ್ ಬಂದ ಮೇಲೆ ಕಾಲೇಜುಗಳ ಪಟ್ಟಿ ತುಂಬುವುದಕ್ಕೆ ಆಪ್ಷನ್ ಎಂಟ್ರಿ ಎನ್ನುತ್ತಾರೆ. ಎಷ್ಟು ಕಾಲೇಜನ್ನಾದರೂ ತುಂಬಬಹುದು. ಸಾಲು ಮಾತ್ರ ಪ್ರಾಣ. ಕಂಪ್ಯೂಟರು ಮೇಲಿನಿಂದ ಕೆಳಗೆ ಇಳಿಯುತ್ತ ಬರುತ್ತದೆ. ನಿಮ್ಮ ರ್‍ಯಾಂಕಿಗೆ ಎಲ್ಲಿ ಮೊದಲು ಸೀಟು ದಕ್ಕುತ್ತದೋ ಅಲ್ಲಿ ನಿಲ್ಲುತ್ತದೆ, ಅದರ ಕೆಳಗಿನದನ್ನು ನೋಡುವುದೇ ಇಲ್ಲ. "ಇದು ಸಿಗೂದು ಗ್ಯಾರಂಟಿ" ಎಂದು ಸುಲಭದ ಕಾಲೇಜನ್ನು ಮೊದಲು ಬರೆದರೆ ಅದೇ ಸಿಗುತ್ತದೆ. ಮನಸ್ಸಿನದು ಮೂರನೆಯದಾಗಿ ಕೆಳಗೆ ಇದ್ದು, ಅಲ್ಲಿ ಸೀಟು ಖಾಲಿ ಇದ್ದರೂ ಸಿಗದು. ಸಿಗುತ್ತದೋ ಇಲ್ಲವೋ ಎನ್ನುವ ಅಳುಕಿದ್ದರೂ ಬೇಕಾದದ್ದನ್ನೇ ಮೇಲೆ ಬರೆಯಿರಿ. ಸಿಗದಿದ್ದರೆ ಕಂಪ್ಯೂಟರು ಕೆಳಗಿಳಿಯುತ್ತದೆ, ನಷ್ಟವೇನೂ ಇಲ್ಲ. 31 ವರ್ಷ ಗಣಿತ ಕಲಿಸಿದವನ ಮಾತು, ನಂಬಿರಿ.

ಮೊದಲು ಅಣಕು ಸೀಟು ಹಂಚಿಕೆ ಆಗುತ್ತದೆ. ನಿಮ್ಮ ಪಟ್ಟಿಗೆ ಏನು ಸಿಗುವಂತಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಅದನ್ನು ನೋಡಿಕೊಂಡು ಸಾಲು ತಿದ್ದಲು ಸಮಯ ಕೊಡುತ್ತಾರೆ. ನಮ್ಮವರು ಅದನ್ನೇ ನಿಜವೆಂದು ತಿಳಿದು ಪೇಢೆ ಹಂಚುತ್ತಾರೆ ಅಥವಾ ಅತ್ತು ಕೂಡುತ್ತಾರೆ, ತಿದ್ದುವುದನ್ನು ಮರೆಯುತ್ತಾರೆ. ನಿಜವಾದ ಸುತ್ತಿನ ನಂತರ ನಾಲ್ಕು ಆಯ್ಕೆ ಮುಂದೆ ಬರುತ್ತವೆ. ಒಂದನೆಯದು ಒತ್ತಿದರೆ ಆ ಸೀಟೇ ಗಟ್ಟಿ, ಮುಂದಿನ ಸುತ್ತಿಗೆ ನೀವಿಲ್ಲ. ಎರಡನೆಯದರಲ್ಲಿ ಇದು ಕೈಯಲ್ಲಿರುತ್ತದೆ, ಮೇಲಿನ ಕಾಲೇಜಿಗೆ ಮುಂದಿನ ಸುತ್ತಿನಲ್ಲಿ ಕಾಯಬಹುದು. ಮೂರನೆಯದರಲ್ಲಿ ಇದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುತ್ತೀರಿ. ನಾಲ್ಕನೆಯದು ಒತ್ತಿದರೆ ಪೂರ್ತಿ ಹೊರಗೆ. ಕೊನೆಯ ಗಳಿಗೆಯಲ್ಲಿ ಅಂಗಡಿಯ ಗದ್ದಲದಲ್ಲಿ ಇದನ್ನು ತೀರ್ಮಾನಿಸಬೇಡಿರಿ. ಮನೆಯಲ್ಲಿ ಕುಳಿತು, ಕ್ಯಾಲೆಂಡರಿನ ಹಿಂದೆ ಬರೆದು, ಬರೆದದ್ದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ.

ಮೊಬೈಲ್ ನಂಬರು ನಿಮ್ಮದೇ ಕೊಡಿರಿ. ಇದನ್ನು ಏಕೆ ಬಿಡಿಸಿ ಹೇಳುತ್ತೇನೆಂದರೆ, ಓಟಿಪಿ ಇನ್ನಾರದೋ ಫೋನಿಗೆ ಹೋಗಿ, ಆ ಮನುಷ್ಯ ಪುಣೆಗೆ ಹೋಗಿ ಕುಳಿತು, ಇಲ್ಲಿ ಹುಡುಗ ಊಟ ಬಿಟ್ಟು ಎರಡು ದಿನ ಅವನಿಗೆ ಫೋನು ಹಚ್ಚುತ್ತಿದ್ದುದನ್ನು ಕಂಡಿದ್ದೇನೆ. ಪಾಸ್‌ವರ್ಡ್ ಮಗುವಿನ ನೋಟುಬುಕ್ಕಿನಲ್ಲಿರಲಿ. "ಸೀಟು ಕೊಡಸ್ತೀನಿ, ಮೂಲ ಅಂಕಪಟ್ಟಿ ಕೊಡ್ರಿ" ಎಂದು ಬರುವ ಏಜೆಂಟನಿಗೆ ಒಂದು ಕಾಗದವನ್ನೂ ಕೊಡಬೇಡಿರಿ. ನರ್ಸಿಂಗ್ ಸೀಟಿನ ಹೆಸರಲ್ಲಿ ಇವರ ಓಡಾಟ ಹೆಚ್ಚು. ಕರ್ನಾಟಕದ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಅದರ ಹೆಸರಿದೆಯೇ, ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡದೆ ಒಂದು ರೂಪಾಯಿ ಕಟ್ಟಬೇಡಿರಿ.

ನಮ್ಮ ವಿಜಯಪುರ ಜಿಲ್ಲೆಗೆ ಒಂದು ನೋವಿದೆ, ಅದನ್ನು ಹೇಳದೆ ಈ ಪತ್ರ ಪೂರ್ತಿಯಾಗದು. ದೇವಣಗಾಂವದ ಸೇತುವೆ ಮೇಲೆ ನಿಂತರೆ ಈಚೆ ನಮ್ಮ ಜಿಲ್ಲೆ, ಆಚೆ ಅಫಜಲಪುರ. ನಡುವೆ ಭೀಮಾ ನದಿ. ಎರಡೂ ದಡದಲ್ಲಿ ಅದೇ ತೊಗರಿ, ಅದೇ ಕಬ್ಬು, ಅದೇ ಬರ, ಅದೇ ಪ್ರವಾಹ. ಬೀಗತನವೂ ಉಂಟು. ಆದರೆ ಸಂವಿಧಾನದ 371ಜೆ ವಿಧಿ ಆಚೆ ದಡದ ಮಗುವಿಗೆ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ 70%, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟು ಕೊಟ್ಟಿದೆ. ಈಚೆ ದಡದ ಮಗುವಿಗೆ ಇಲ್ಲ. ಅವರು ನಿಜಾಮನ ಸೀಮೆಯವರು, ನಾವು ಮುಂಬಯಿ ಪ್ರಾಂತ್ಯದವರು ಎಂಬ ಹಳೆಯ ಗೆರೆ ಇವತ್ತಿಗೂ ನಮ್ಮ ಮಕ್ಕಳ ಅರ್ಜಿಯಲ್ಲಿ ಜೀವಂತವಾಗಿದೆ. ಅವರಿಗೆ ಸಿಕ್ಕದ್ದು ನ್ಯಾಯವಾದದ್ದೇ. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಮಕ್ಕಳು ಕಾಲೇಜಿಗೆ ಹೋಗುವ ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು. ಬಸ್ಸಿನ ಮೈಮೇಲಿನ ಆ ಹೆಸರು ನೋಡಿ ಎಷ್ಟೋ ಮಕ್ಕಳು ಅರ್ಜಿಯಲ್ಲಿ ತಮಗೂ ಆ ಮೀಸಲಾತಿ ಇದೆ ಎಂದು ತಿಳಿದಿರುತ್ತಾರೆ. ಒಬ್ಬ ಹುಡುಗ ನನ್ನನ್ನು ಕೇಳಿದ, "ಬಸ್ಸಿಗೆ ಐತಿ, ನಮಗ ಯಾಕ ಇಲ್ರಿ ಸರ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಸವಲತ್ತು ಇಲ್ಲದ ಕಾರಣಕ್ಕೇ ಇರುವ ಸವಲತ್ತು ಒಂದನ್ನೂ ನಾವು ಕೈಬಿಡಬಾರದು. ಗ್ರಾಮೀಣ, ಕನ್ನಡ ಮಾಧ್ಯಮ, ರೈತರ ಕೋಟಾ ಹೇಳಿದೆ. ಎಂಜಿನಿಯರಿಂಗಿಗೆ ಹೋಗುವವರು ಎಸ್‌ಎನ್‌ಕ್ಯೂ ಸೀಟನ್ನೂ ಮರೆಯಬೇಡಿರಿ. ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗೆ ಇದ್ದರೆ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಸೀಟುಗಳವು. ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಯ ಆದಾಯ ಅದಕ್ಕಿಂತ ಮೇಲಿದೆ?

ಈಗ ಊರಿನ ಮಾತು, ದೂರದ ಮಾತು. ಹತ್ತನೇತ್ತೆ ಫಲಿತಾಂಶ ಬಂದ ವಾರದಲ್ಲಿ ನಮ್ಮ ಬಸ್ ನಿಲ್ದಾಣಗಳೆಲ್ಲ ದೂರದ ಪಿಯು ಕಾಲೇಜುಗಳ ಫ್ಲೆಕ್ಸಿನಿಂದ ತುಂಬುತ್ತವೆ. ಅಂಕ ಬರೆದ ಮಕ್ಕಳ ಮುಖಗಳು. ಹೊಲ ಅಡ ಇಟ್ಟು ಮೂಡಬಿದಿರೆ, ಮಂಗಳೂರಿಗೆ ಕಳಿಸುವವರಿದ್ದಾರೆ. ಹೋದ ಮಕ್ಕಳಲ್ಲಿ ಬೆಳಗಿದವರೂ ಇದ್ದಾರೆ, ಆರು ತಿಂಗಳಿಗೆ ಮೈ ಇಳಿದು ಮನೆಗೆ ಬಂದವರೂ ಇದ್ದಾರೆ. ಫ್ಲೆಕ್ಸಿನ ಮೇಲೆ ಹತ್ತು ಮುಖ ಇರುತ್ತವೆ. ಸಾವಿರ ಮಕ್ಕಳಲ್ಲಿ ಉಳಿದ 990 ಮಂದಿ ಏನಾದರು ಎಂದು ಕೇಳಿರಿ. ಹಿಂದಿನ ವರ್ಷ ನಮ್ಮ ತಾಲೂಕಿನಿಂದ ಹೋದ ಒಂದು ಮಗುವಿನ ಮನೆ ಹುಡುಕಿ ಅದರ ಅವ್ವನನ್ನು ಮಾತಾಡಿಸಿರಿ. ಪ್ರಾಚಾರ್ಯರು ಹೇಳದ್ದನ್ನು ಅವಳು ಹೇಳುತ್ತಾಳೆ.

ಹತ್ತಿರದ ಕಾಲೇಜು ಎಂದರೆ ಕಡಿಮೆ ಎಂಬ ಭಾವನೆ ನಮ್ಮಲ್ಲಿ ಹೊಕ್ಕಿದೆ. ಅದು ನನಗೆ ಬಹಳ ನೋವು ಕೊಡುತ್ತದೆ. 1910ರಲ್ಲಿ ವಕೀಲ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಗೆ ಅಡಿಪಾಯ ಹಾಕಿದ್ದು ಈ ಸೀಮೆಯ ಮಕ್ಕಳು ಓದಲು ದೂರ ಅಲೆಯಬಾರದು ಎಂದೇ. ವಚನಗಳನ್ನು ಅಚ್ಚು ಹಾಕಲು ಸ್ವಂತ ಮುದ್ರಣಾಲಯ ಕಟ್ಟಿ ಮನೆಯನ್ನೇ ಕಳೆದುಕೊಂಡ ಮನುಷ್ಯ ಆತ. ಸಿಂದಗಿ ಸೀಮೆಯ ಎಂ.ಎಂ. ಕಲಬುರ್ಗಿ ವಿಜಯಪುರದಲ್ಲಿ ಪದವಿ ಓದಿ, ಧಾರವಾಡಕ್ಕೆ ಹೋಗಿ, ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು. ಹೆಣ್ಣುಮಕ್ಕಳಿಗೆಂದೇ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಹುಟ್ಟಿದ್ದು ನಮ್ಮ ವಿಜಯಪುರದಲ್ಲಿ, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು ವಿಜಯಪುರದ ಹತ್ತಿರ ಹಿಟ್ನಳ್ಳಿಯಲ್ಲಿದೆ. ಪಕ್ಕದ ಬಾಗಲಕೋಟೆಯಲ್ಲಿ ತೋಟಗಾರಿಕೆಗೆಂದೇ ವಿಶ್ವವಿದ್ಯಾಲಯವಿದೆ. ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇರುವಾಗ, ಲಿಂಬೆ ತೋಟದ ಮಗ ತೋಟಗಾರಿಕೆ ಎಂಬ ಪದವಿಯ ಹೆಸರನ್ನೇ ಕೇಳದೆ ಪಿಯುಸಿ ಮುಗಿಸುತ್ತಾನೆ. ಇದನ್ನು ನಾನು ತರಗತಿಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಸಮೀಕರಣ ಬಿಡಿಸುವುದರಲ್ಲೇ ವರ್ಷ ಮುಗಿಯುತ್ತಿತ್ತು.

ವೈದ್ಯರಾಗಬೇಕೆನ್ನುವ ಮಕ್ಕಳಿಗೆ ನಮ್ಮ ಜಿಲ್ಲೆ ಇನ್ನೂ ಸಾಲದಾಗಿದೆ. ಎರಡು ಖಾಸಗಿ ಮೆಡಿಕಲ್ ಕಾಲೇಜು 1980ರ ದಶಕದಿಂದ ಇವೆ. ಸರಕಾರಿ ಮೆಡಿಕಲ್ ಕಾಲೇಜಿಗಾಗಿ 2025ರಲ್ಲಿ ವಿಜಯಪುರದಲ್ಲಿ ಜನ ತಿಂಗಳುಗಟ್ಟಲೆ ಧರಣಿ ಕೂತರು. ಆ ಧರಣಿಯಲ್ಲಿ ಕೂತವರಿಗೆ ನನ್ನ ಶರಣು.

ಹೆಣ್ಣುಮಕ್ಕಳ ವಿಷಯದಲ್ಲಿ ನಿಮ್ಮ ಜೊತೆ ಜಗಳವನ್ನೇ ಆಡುತ್ತೇನೆ. ಮಗನಿಗೆ ಬೆಂಗಳೂರು, ಹುಬ್ಬಳ್ಳಿ. ಮಗಳಿಗೆ "ಇಲ್ಲೇ ಬಿಎ ಮಾಡ್ಲಿ ಬಿಡ್ರಿ, ಹೆಂಗೂ ಮದುವಿ ಮಾಡೂದೈತಿ." ಬಿಎ ಕೀಳಲ್ಲ. ಅವಳಿಗೆ ಇತಿಹಾಸ, ಕನ್ನಡ ಬೇಕಿದ್ದರೆ ಅದೇ ಸರಿ. ಆದರೆ ಅದು ಅವಳ ಆಯ್ಕೆಯಾಗಿರಲಿ, ನಿಮ್ಮ ಅಂಜಿಕೆಯಾಗಿರುವುದು ಬೇಡ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಬಾಗೇವಾಡಿಯಿಂದ, ಇಂಡಿಯಿಂದ ಮುಂಜಾನೆಯ ಬಸ್ಸಿಗೆ ವಿಜಯಪುರಕ್ಕೆ ಹೋಗಿ ಸಂಜೆಗೆ ಮನೆ ಸೇರುವ ಹುಡುಗಿಯರನ್ನು ನಾನು ದಿನಾ ನೋಡುತ್ತೇನೆ. ರೈಲು ಕಾಣದ ಮುದ್ದೇಬಿಹಾಳ, ಸಿಂದಗಿಯವರಿಗೆ ದಾರಿ ದೂರ, ದಿನಾ ಓಡಾಡುವುದು ಕಷ್ಟ. ಅಂಥವರಿಗೆ ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣದ ವಸತಿ ನಿಲಯಗಳಿವೆ. ಕಾಲೇಜು ನೋಡಲು ಹೋದ ದಿನವೇ ವಸತಿ ನಿಲಯವನ್ನೂ ನೋಡಿ ಬನ್ನಿರಿ. ಕಟ್ಟಡದ ಮುಂಭಾಗ ನೋಡಿ ಬರಬೇಡಿರಿ. ಹಿಂದೆ ಹೋಗಿ ಬಚ್ಚಲಿನಲ್ಲಿ ನೀರು ಬರುತ್ತದೆಯೇ ನೋಡಿರಿ, ಅಡಿಗೆಯವಳನ್ನು ಮಾತಾಡಿಸಿರಿ. ಪ್ರಯೋಗಾಲಯದ ಬೀಗಕ್ಕೆ ಧೂಳು ಹತ್ತಿದೆಯೇ ನೋಡಿರಿ. ಎತ್ತು ಕೊಳ್ಳುವಾಗ ಹಲ್ಲು ನೋಡುವವರು ನೀವು, ಕಾಲೇಜನ್ನು ನೋಡಲಾರಿರಾ?

ಆ ಹುಡುಗಿಯ ಕತೆ ಅರ್ಧಕ್ಕೆ ಬಿಟ್ಟೆ. ಅವಳು ಈಗ ನಮ್ಮ ತಾಲೂಕಿನ ಪದವಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ, ಸಸ್ಯಶಾಸ್ತ್ರ ತೆಗೆದುಕೊಂಡು. ಚೆನ್ನಾಗಿ ಓದುತ್ತಾಳೆ. ಅಗ್ರಿ ತಪ್ಪಿದ್ದನ್ನು ಮರೆತಿಲ್ಲ, ಮರೆತಂತೆ ಮಾತಾಡುವುದೂ ಇಲ್ಲ. ಕಳೆದ ಬೇಸಿಗೆಯಲ್ಲಿ ನಾನು ನನ್ನ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಪಟ್ಟಿ ಬರೆಸಲು ಕೂತೆ. ಎರಡನೇ ದಿನಕ್ಕೆ ಅವಳೂ ಬಂದಳು. ಫೋನಿನಲ್ಲಿ ಹಿಂದಿನ ವರ್ಷದ ಕಟ್‌ಆಫ್ ತೆಗೆದು ಕಾಲಂ ಕಾಲಂ ಓದಿ ಹೇಳುವುದು ಅವಳ ಕೆಲಸವಾಯಿತು. ಜನವರಿಯಲ್ಲಿ ತನ್ನ ಊರಿನ ಏಳು ಮಕ್ಕಳಿಗೆ ಮುಖ್ಯ ಗುರುಗಳಿಂದ ಗ್ರಾಮೀಣ ಪ್ರಮಾಣಪತ್ರ ಬರೆಸಿ, ಬಿಇಓ ಕಚೇರಿಗೆ ತಾನೇ ಒಯ್ದು ಸಹಿ ಹಾಕಿಸಿ ತಂದಿದ್ದಳು.

ಒಂದು ದಿನ ಮುದ್ದೇಬಿಹಾಳ ಕಡೆಯವರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಅದೇ ಅರಿವೆ ಅಂಗಡಿಯ ಚೀಲ, ಅದೇ ನಾಲ್ಕು ಮಡಿಕೆಯ ಉತಾರಿ. ಅವರು ಕೂತದ್ದೇ ಶುರು ಮಾಡಿದರು, ಕಂಪ್ಯೂಟರ್ ಸೈನ್ಸೇ ಆಗಬೇಕು, ಭಾವನ ಮಗ ಅದನ್ನೇ ಮಾಡಿದ್ದಾನೆ, ಬೆಂಗಳೂರೇ ಆಗಬೇಕು. ಹುಡುಗ ನೆಲ ನೋಡುತ್ತಿದ್ದ. ಅವಳು ಐದು ನಿಮಿಷ ಕೇಳಿಸಿಕೊಂಡಳು. ಆಮೇಲೆ ಎದ್ದು, ಒಳಗಿನಿಂದ ಒಂದು ತಂಬಿಗೆ ನೀರು ತಂದು ಅವರ ಕೈಗೆ ಕೊಟ್ಟು, ಕಟ್ಟೆ ತೋರಿಸಿದಳು.

"ಕಾಕಾ, ನೀವು ಸ್ವಲ್ಪ ಹೊರಗ ಕುಂದರ್ರಿ. ಇವ್ನ ಮೊದಲ ನಾ ಮಾತಾಡಸ್ತೀನಿ."

ನಿಮ್ಮ ಮಕ್ಕಳ ಹಳೆಯ ಗಣಿತದ ಮಾಸ್ತರ